ಜಾವಾದ ಹಳ್ಳಿಯಲ್ಲಿ ನೆಲ, ಮನೆ ಮತ್ತು ಮರ

ಎಲ್ಲರಿಗೂ ನಮಸ್ಕಾರ.

ಇಂಡೋನೇಷ್ಯಾದ ಮಧ್ಯ ಜಾವಾದಲ್ಲಿ ಎಷ್ಟೋ ಹಳ್ಳಿಮನೆಗಳ ಮುಂಬಾಗಿಲ ಪಕ್ಕ ಮೊಳೆ ಹೊಡೆದು ಒಂದು ಪುಟ್ಟ ಡಬ್ಬಿ ನೇತುಹಾಕಿರುತ್ತಾರೆ. ಹಿಂದೆ ಅದು ಬಿದಿರಿನ ತುಂಡು, ಈಗ ಹೆಚ್ಚಾಗಿ ಪ್ಲಾಸ್ಟಿಕ್ ಲೋಟ. ಕತ್ತಲಾಗುವ ಮುಂಚೆ ಮನೆಯವರು ಅದರಲ್ಲಿ ಒಂದು ಚಮಚ ಅಕ್ಕಿಯನ್ನೋ ಐನೂರು ರುಪಿಯಾದ ನಾಣ್ಯವನ್ನೋ ಹಾಕಿಡುತ್ತಾರೆ. ರಾತ್ರಿ ಗಸ್ತಿನವರು ಟಾರ್ಚು ಹಿಡಿದು ಬಂದು, ಸದ್ದಿಲ್ಲದೆ ಡಬ್ಬಿ ಬಗ್ಗಿಸಿಕೊಂಡು, ಚೀಟಿಯಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಾರೆ. ಇದಕ್ಕೆ ‘ಜಿಂಪಿತನ್’ ಎನ್ನುತ್ತಾರೆ. ಹೀಗೆ ಕೂಡಿದ ಹಣ ಬೀದಿದೀಪಕ್ಕೆ, ಸಾವಿನ ಮನೆಯ ಖರ್ಚಿಗೆ, ಕಿತ್ತುಹೋದ ದಾರಿಗೆ ಕಾಂಕ್ರೀಟು ಹಾಕಲು ಹೋಗುತ್ತದೆ.

ಆಸ್ತಿಯ ಮಾತನ್ನು ಈ ಡಬ್ಬಿಯಿಂದ ಶುರು ಮಾಡಲು ಕಾರಣವಿದೆ. ಆ ಚೀಟಿಯಲ್ಲಿ ಹೆಸರಿರುವವರು ಊರಿನವರು. ನೆಲದ ಕಾಗದ ಭೂಕಚೇರಿಯಲ್ಲಿರುತ್ತದೆ. ಆ ನೆಲದ ನಿಜವಾದ ಚರಿತ್ರೆ ಈ ಊರಿನವರ ನೆನಪಿನಲ್ಲಿರುತ್ತದೆ. ಎರಡರಲ್ಲಿ ಒಂದನ್ನಷ್ಟೇ ನಂಬಿದವರು ಜಾವಾದಲ್ಲಿ ಕೆಟ್ಟಿದ್ದಾರೆ.

ಊರು ತಲುಪುವುದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಿಲ್ಲಾ ಪಟ್ಟಣದಿಂದ ಸಂತೆಯ ಊರಿನವರೆಗೆ ಮಿನಿಬಸ್ಸುಗಳಿರುತ್ತವೆ. ಅವು ಸಂತೆಗೆ ಹೋಗುವವರನ್ನೂ ಶಾಲೆಯ ಮಕ್ಕಳನ್ನೂ ನಂಬಿಕೊಂಡ ಗಾಡಿಗಳು. ಮಧ್ಯಾಹ್ನ ದಾಟಿದರೆ ಸಿಗುವುದು ಅನುಮಾನ. ಮನೆಮನೆಗೂ ಬೈಕು ಬಂದ ಮೇಲೆ ಎಷ್ಟೋ ದಾರಿಗಳಲ್ಲಿ ಅವು ನಿಂತೇಹೋಗಿವೆ. ಕೊನೆಯ ಕೆಲವು ಕಿಲೋಮೀಟರಿಗೆ ‘ಓಜೆಕ್’ ಎಂಬ ಬಾಡಿಗೆ ಬೈಕೇ ಗತಿ. ಬಾಡಿಗೆಯನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಬೇಕು. ಸಂತೆ ನಮ್ಮಲ್ಲಿಯಂತೆ ವಾರಕ್ಕೊಮ್ಮೆ ಅಲ್ಲ. ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್ ಎಂಬ ಐದು ದಿನಗಳ ಸುತ್ತು ಅಲ್ಲಿದೆ. ಈ ಊರಿನ ಸಂತೆ ಪೊನ್ ದಿನವಾದರೆ ಪಕ್ಕದೂರಿನದು ವಾಗೆ. ಐದರ ಸುತ್ತೂ ಏಳರ ವಾರವೂ ಮತ್ತೆ ಕೂಡಿಬರಲು 35 ದಿನ ಬೇಕು. ಬೀದಿಯ ಸಭೆಗಳು ಆ ಲೆಕ್ಕದಲ್ಲೇ ಸೇರುತ್ತವೆ. ಅಂಥ ಒಂದು ಸಭೆ ತಪ್ಪಿಸಿಕೊಂಡರೆ ಐದು ವಾರ ಕಾಯಬೇಕು.

ಊರ ಬಾಗಿಲಲ್ಲಿ ಒಂದು ಫಲಕ ಕಾಣುತ್ತದೆ: ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು. ವರದಿ ಕೊಡಬೇಕಾದದ್ದು ‘ಎರ್‌ತೆ’ಯ ಮುಖ್ಯಸ್ಥರಿಗೆ. ಎರ್‌ತೆ ಎಂದರೆ ಕೆಲವು ಹತ್ತು ಮನೆಗಳ ನೆರೆಕೂಟ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಜಾವಾ ಆಳಿದಾಗ ಕಟ್ಟಿದ ವ್ಯವಸ್ಥೆಯಿಂದ ಬೆಳೆದದ್ದು. ರಾತ್ರಿ ಉಳಿಯುವವರು ಗುರುತಿನ ಚೀಟಿಯ ಪ್ರತಿ ಹಿಡಿದು ಹೋಗಿ, ಎಷ್ಟು ದಿನ, ಯಾರ ಮನೆ ಎಂದು ಹೇಳಿ ಬರಬೇಕು. ಇದನ್ನು ಕಿರಿಕಿರಿ ಎಂದು ಭಾವಿಸಬಾರದು. ಮುಂದೆ ನೆಲದ ವಿಷಯ ವಿಚಾರಿಸುವಾಗ ಸತ್ಯ ಹೇಳುವವರು ಇವರೇ.

ಈಗ ಕಾಗದಕ್ಕೆ ಬರೋಣ. ಇಂಡೋನೇಷ್ಯಾದ ಮೂಲ ಭೂಕಾನೂನು 1960ರದು, ಆ ವರ್ಷದ 5ನೇ ಕಾನೂನು. ಪೂರ್ಣ ಒಡೆತನಕ್ಕೆ ‘ಹಕ್ ಮಿಲಿಕ್’ ಎಂದು ಹೆಸರು. ಅದಕ್ಕೆ ಭೂಕಚೇರಿಯ ಪ್ರಮಾಣಪತ್ರವಿರುತ್ತದೆ: ಹಿಂದೆ ಹಸಿರು ಹೊದಿಕೆಯ ಪುಸ್ತಕ, ಈಗ ನಿಧಾನವಾಗಿ ಎಲೆಕ್ಟ್ರಾನಿಕ್ ರೂಪಕ್ಕೆ ಬರುತ್ತಿದೆ. ಆದರೆ ಹಳ್ಳಿಗಳಲ್ಲಿ ಬಹುಕಾಲ ಓಡಾಡಿದ್ದು ‘ಲೆಟರ್ ಸಿ’, ‘ಗಿರಿಕ್’, ‘ಪೆತೊಕ್’ ಎಂಬ ಹಾಳೆಗಳು. ಇವು ತೆರಿಗೆಯ ದಾಖಲೆಗಳು. ನಮ್ಮಲ್ಲಿ ಖಾತಾ ಇದ್ದರೆ ಒಡೆತನ ಇದ್ದಂತೆ ಎಂದು ತಿಳಿದು ಮೋಸಹೋಗುತ್ತಾರಲ್ಲ, ಅಲ್ಲಿಯೂ ಅದೇ ತಪ್ಪು. 2021ರ ಫೆಬ್ರುವರಿಯಲ್ಲಿ ಜಾರಿಯಾದ ಸರ್ಕಾರಿ ನಿಯಮವೊಂದು ಈ ಹಳೆಯ ಕಾಗದಗಳಿಗೆ ಐದು ವರ್ಷದ ಗಡುವು ಕೊಟ್ಟಿತು. ಅದರಾಚೆ ಅವು ಒಡೆತನಕ್ಕೆ ಪುರಾವೆಯಲ್ಲ, ನೋಂದಣಿ ಅರ್ಜಿಗೆ ಸುಳಿವು ಮಾತ್ರ.

ಹಳೆಯ ಹಾಳೆಯಲ್ಲಿ ಮೊದಲು ಎಡವುವುದು ಹೆಸರಿನಲ್ಲಿ. ಜಾವಾದಲ್ಲಿ ಮದುವೆಯಾದ ಮೇಲೆ ಹೊಸ ಹೆಸರು ಇಟ್ಟುಕೊಳ್ಳುವ ರೂಢಿ ಇತ್ತು. ಅದು ‘ಹಿರಿಯ ಹೆಸರು’. ಅಜ್ಜನ ಬಾಲ್ಯದ ಹೆಸರು ಒಂದು ಕಾಗದದಲ್ಲಿ, ಹಿರಿಯ ಹೆಸರು ಇನ್ನೊಂದರಲ್ಲಿ. ಇಬ್ಬರೂ ಒಬ್ಬರೇ ಎಂದು ಗ್ರಾಮ ಕಚೇರಿಯಿಂದ ಪತ್ರ ಮಾಡಿಸದಿದ್ದರೆ ಕಡತ ಮುಂದೆ ಹೋಗುವುದಿಲ್ಲ. ಎರಡನೆಯದು ವಾರಸುದಾರರ ಸಹಿ. ಗಂಡಿಗೆ ಎರಡು ಪಾಲು ಹೆಣ್ಣಿಗೆ ಒಂದು ಎಂಬ ಕ್ರಮವೂ ಇದೆ, ಎಲ್ಲರಿಗೂ ಸಮ ಎಂಬ ಕ್ರಮವೂ ಇದೆ. ಯಾವುದೇ ಇರಲಿ, ಎಲ್ಲರೂ ಸಹಿ ಹಾಕಬೇಕು, ಇಬ್ಬರು ಸಾಕ್ಷಿ ಬೇಕು, ಗ್ರಾಮದ ಮುಖ್ಯಸ್ಥರೂ ‘ಚಮತ್’ ಎಂಬ ತಾಲ್ಲೂಕು ಮಟ್ಟದ ಅಧಿಕಾರಿಯೂ ದೃಢೀಕರಿಸಬೇಕು. ಒಬ್ಬ ತಂಗಿ ಮಲೇಷ್ಯಾದಲ್ಲಿ ಮನೆಗೆಲಸಕ್ಕಿದ್ದರೆ, ಒಬ್ಬ ಅಣ್ಣ ಸುಮಾತ್ರಾಕ್ಕೆ ವಲಸೆ ಹೋಗಿದ್ದರೆ, ವ್ಯವಹಾರ ಅಲ್ಲೇ ನಿಲ್ಲುತ್ತದೆ. ಆತುರಕ್ಕೆ ಅವರನ್ನು ಬಿಟ್ಟು ಸಹಿ ಮುಗಿಸಿದ ಮಾರಾಟಗಳೇ ಮುಂದೆ ನ್ಯಾಯಾಲಯಕ್ಕೆ ಬರುತ್ತವೆ.

ಅಳತೆಯ ಬಗ್ಗೆ ಒಂದು ಮಾತು. ಹಳ್ಳಿಯ ಬಾಯಲ್ಲಿ ಗದ್ದೆಯ ಲೆಕ್ಕ ‘ಉಬಿನ್’ನಲ್ಲಿ ಬರುತ್ತದೆ, ಒಂದು ಉಬಿನ್ ಸುಮಾರು 14 ಚದರ ಮೀಟರು. ನೂರು ಉಬಿನ್ ಎಂದರೆ ನಮ್ಮ ಹದಿನಾಲ್ಕು ಗುಂಟೆಗೆ ತುಸು ಕಡಿಮೆ. ಗದ್ದೆಯ ಬದುವನ್ನು ಪ್ರತಿ ಬೆಳೆಗೂ ಗುದ್ದಲಿಯಿಂದ ಕೆತ್ತಿ ಹಸನು ಮಾಡುತ್ತಾರೆ. ಒಂದೇ ಕಡೆಯಿಂದ ಕೆತ್ತುತ್ತ ಹೋದರೆ ಹತ್ತು ವರ್ಷದಲ್ಲಿ ಬದು ಸರಿದೇ ಬಿಡುತ್ತದೆ, ಯಾರೂ ಕದ್ದ ಹಾಗೆ ಕಾಣುವುದಿಲ್ಲ. ಅದಕ್ಕೇ ಸರ್ವೆಯ ದಿನ ಸುತ್ತಲಿನ ನೆರೆಯವರೆಲ್ಲ ನಿಂತು ಗೂಟ ಒಪ್ಪಿ ಸಹಿ ಹಾಕಬೇಕು ಎಂದು 1997ರ ನೋಂದಣಿ ನಿಯಮ ಹೇಳುತ್ತದೆ.

ಹೊರಗಿನವರಿಗೆ ಹೊಳೆಯದ ಸಂಗತಿ ಇನ್ನೊಂದಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಸ್ಥಳೀಯ ಕಟ್ಟಳೆಯ ಪ್ರಕಾರ ನೆಲ ಬೇರೆ, ಅದರ ಮೇಲಿನ ಮನೆ ಬೇರೆ, ಮರ ಬೇರೆ. ಭೂಕಾನೂನು ನಿಂತಿರುವುದೂ ಈ ತತ್ವದ ಮೇಲೆಯೇ. ನಾಲ್ಕು ನಡುಗಂಬಗಳ ‘ಜೊಗ್ಲೊ’ ಮನೆಯನ್ನು ನೋಡಿ. ಕಂಬ, ತೊಲೆ ಎಲ್ಲವೂ ಗೂಟ ಮತ್ತು ತೂತಿನ ಕೀಲಿನಲ್ಲಿ ಕೂಡಿವೆ. ಗುರುತು ಹಾಕಿ ಬಿಚ್ಚಿ, ಲಾರಿಗೆ ಹೇರಿ, ಇನ್ನೊಂದು ಊರಲ್ಲಿ ನಿಲ್ಲಿಸಬಹುದು. ಹಾಗಾಗಿ ಅಂಗಳ ಅಣ್ಣನದು, ಮನೆ ತಮ್ಮನದು, ಮೂಲೆಯ ತೇಗ ಅತ್ತೆಯದು ಎಂದಾಗಬಹುದು. ನೆಲದ ಕ್ರಯಪತ್ರದಲ್ಲಿ ಮನೆಯನ್ನೂ ಮರಗಳನ್ನೂ ಒಂದೊಂದಾಗಿ ಹೆಸರಿಸದಿದ್ದರೆ, ಹಣ ಕೊಟ್ಟ ಮರುವಾರ ಯಾರೋ ಬಂದು ತೇಗ ಕಡಿಯುತ್ತಾರೆ, ಅವರ ಕಡೆ ನ್ಯಾಯವೂ ಇರುತ್ತದೆ.

ಗದ್ದೆ ಅಡವಿನಲ್ಲಿದೆಯೇ ಎಂದೂ ಕೇಳಬೇಕು. ಸಾಲ ಕೊಟ್ಟವನು ಉತ್ತು ಬೆಳೆ ತಿನ್ನುವ ಅಡವು ಅದು, ಕಾಗದವೇ ಇಲ್ಲದಿರಬಹುದು. 1960ರ ಇನ್ನೊಂದು ಶಾಸನ ಇಲ್ಲಿ ಬಡವರ ಪರ ನಿಂತಿದೆ: ಏಳು ವರ್ಷ ಅಥವಾ ಹೆಚ್ಚು ಅಡವಿದ್ದ ಗದ್ದೆಯನ್ನು, ನಿಂತ ಬೆಳೆ ಕೊಯ್ದ ಒಂದು ತಿಂಗಳೊಳಗೆ, ಬಿಡಿಸುವ ಹಣ ಕೇಳದೆ ಹಿಂದಿರುಗಿಸಬೇಕು. ಇದು ತಿಳಿಯದೆ ಪೂರ್ತಿ ಹಣ ಕಟ್ಟಿ ಬಿಡಿಸಿಕೊಳ್ಳುವವರು ಈಗಲೂ ಇದ್ದಾರೆ. ಇನ್ನು ‘ಬೆಂಗ್ಕೊಕ್’ ನೆಲ ಗ್ರಾಮದ ಅಧಿಕಾರಿಗೆ ಸಂಬಳದ ಬದಲು ಉಳಲು ಕೊಟ್ಟದ್ದು. ಹುದ್ದೆ ಹೋದರೆ ನೆಲವೂ ಹೋಗುತ್ತದೆ. ಅದನ್ನು ಅವರು ಮಾರಲಾರರು.

ಯಾರು ಕೊಳ್ಳಬಹುದು? ಹಕ್ ಮಿಲಿಕ್ ಇಂಡೋನೇಷ್ಯಾದ ಪ್ರಜೆಗಷ್ಟೇ. ಕೃಷಿಭೂಮಿಯಾದರೆ ದೂರದ ನಗರದ ಪ್ರಜೆಗೂ ಅಡ್ಡಿಯಿದೆ, ಏಕೆಂದರೆ ಒಡೆಯ ಅದೇ ತಾಲ್ಲೂಕಿನಲ್ಲೋ ಹೊಂದಿಕೊಂಡ ತಾಲ್ಲೂಕಿನಲ್ಲೋ ವಾಸವಿರಬೇಕು. ವಿದೇಶಿಯರಿಗೆ ಸಿಗುವುದು ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕು: 30 ವರ್ಷ, ಮತ್ತೆ 20, ಮತ್ತೆ 30. ಸ್ಥಳೀಯ ಗೆಳೆಯನ ಹೆಸರಲ್ಲಿ ಕೊಂಡು ಬದಿಯಲ್ಲಿ ಒಪ್ಪಂದ ಬರೆದುಕೊಳ್ಳುವವರಿದ್ದಾರೆ. ಕಾನೂನಿನ 26ನೇ ವಿಧಿ ಅಂಥ ಸುತ್ತುದಾರಿಯ ವರ್ಗಾವಣೆಯನ್ನೂ ಅಸಿಂಧು ಎನ್ನುತ್ತದೆ. ನೆಲ ಸರ್ಕಾರಕ್ಕೆ, ಕೊಟ್ಟ ಹಣ ವಾಪಸಿಲ್ಲ.

ಎಲ್ಲವೂ ಸರಿಯಿದ್ದರೆ ಭೂಪತ್ರ ಮಾಡುವ ಅಧಿಕೃತ ನೋಟರಿಯ ಬಳಿ ಹೋಗಬೇಕು. ಮೊದಲು ಅವರು ಪ್ರಮಾಣಪತ್ರವನ್ನು ಭೂಕಚೇರಿಯ ಪುಸ್ತಕದೊಂದಿಗೆ ತಾಳೆ ನೋಡಬೇಕು, ಆಮೇಲೆ ಹಣ. ಮಾರುವವರ ತೆರಿಗೆ ಶೇ. 2.5, ಕೊಳ್ಳುವವರದು ವಿನಾಯಿತಿ ಕಳೆದು ಉಳಿದದ್ದರ ಮೇಲೆ ಶೇ. 5ರವರೆಗೆ, ನೋಟರಿಯ ಶುಲ್ಕ ಶೇ. 1 ಮೀರುವಂತಿಲ್ಲ. ಈ ಖರ್ಚು ಉಳಿಸಲು ಬರೀ ರಸೀದಿಯ ಮೇಲೆ ಕೊಂಡವರು, ಮಾರಿದವರು ತೀರಿಕೊಂಡ ಮೇಲೆ ಅವರ ಮಕ್ಕಳೆಲ್ಲರ ಸಹಿ ಹುಡುಕುತ್ತ ಊರೂರು ಅಲೆಯಬೇಕಾಗುತ್ತದೆ.