ಎರಡು ಕೆರೆಗಳ ನಡುವಿನ ಬೇಸಿಗೆ

ಎಲ್ಲರಿಗೂ ನಮಸ್ಕಾರ. ಹೊರಗೆ ಬಿಸಿಲು ಜೋರಾಗಿದೆ. ಹಿಂದಿನ ಸಾಲಿನ ಮಕ್ಕಳಿಗೆ ಆಗಲೇ ಸಾರಿನ ಒಗ್ಗರಣೆ ವಾಸನೆ ಬಂದಿದೆ. ಜಾಸ್ತಿ ಎಳೆಯುವುದಿಲ್ಲ.

ನಮ್ಮಲ್ಲಿ ಬೇಸಿಗೆ ಶಿಬಿರ ಅಂದರೆ ಹತ್ತೋ ಹದಿನೈದೋ ದಿನ, ಕೊನೆಗೊಂದು ಕಾರ್ಯಕ್ರಮ, ಫೋಟೋ. ಇವತ್ತು ನಾನು ಹೇಳುವುದು 1928ರಲ್ಲಿ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಒಂದು ಶಿಬಿರದ ಕಥೆ. ಊರಿನ ಹೆಸರು ಇಂಟರ್‌ಲಾಕನ್. ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ, ಪೈನ್ ಮರಗಳ ಕಾಡಿನಲ್ಲಿ, ಎರಡು ಕೆರೆಗಳ ಮಧ್ಯೆ ಇದೆ. ಹೆಸರಿನ ಅರ್ಥವೂ ಅದೇ: ಕೆರೆಗಳ ನಡುವೆ.

ಮೊದಲು ಒಂದು ಮಾತು. ಆರ್ಕೆಸ್ಟ್ರಾ ಅಂದ ಕೂಡಲೇ ನಮಗೆ ಗಣೇಶನ ಪೆಂಡಾಲು, ಸಿನಿಮಾ ಹಾಡು, ಝಗಮಗ ಕೋಟು ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದಲ್ಲ. ನೂರು ಜನ ಪಿಟೀಲು, ಕೊಳಲು, ತುತ್ತೂರಿ, ನಗಾರಿ ಇಟ್ಟುಕೊಂಡು, ಎದುರಿಗೆ ಬರೆದಿಟ್ಟ ಸ್ವರ ನೋಡಿಕೊಂಡು ಒಟ್ಟಿಗೆ ನುಡಿಸುವ ಸಂಗೀತ. ನಮ್ಮ ಹಾಗೆ ಗುರುವಿನ ಎದುರು ಒಬ್ಬನೇ ಕೂತು ಕಲಿತರೆ ಆಗುವುದಿಲ್ಲ. ಪಕ್ಕದಲ್ಲಿ ತೊಂಬತ್ತೊಂಬತ್ತು ಜನ ಬೇಕೇ ಬೇಕು.

ಜೋಸೆಫ್ ಮ್ಯಾಡಿ ಎಂಬ ಮೇಷ್ಟರಿಗೆ ಇದೇ ತಲೆನೋವಾಗಿತ್ತು. ಕಾನ್ಸಸ್‌ನಲ್ಲಿ ಹುಟ್ಟಿದವರು, ಮಿನಿಯಾಪೊಲಿಸ್‌ನ ದೊಡ್ಡ ಆರ್ಕೆಸ್ಟ್ರಾದಲ್ಲಿ ನುಡಿಸಿದವರು, ಆಮೇಲೆ ಸರ್ಕಾರಿ ಶಾಲೆಗಳಲ್ಲಿ ವಾದ್ಯ ಕಲಿಸಲು ಹೋದವರು. ಒಂದೊಂದು ಶಾಲೆಯಲ್ಲಿ ನಾಲ್ಕು ಪಿಟೀಲು ಇದ್ದರೆ ಒಂದು ಕೊಂಬು ಇರುತ್ತಿರಲಿಲ್ಲ. 1926ರಲ್ಲಿ ಡೆಟ್ರಾಯಿಟ್‌ನಲ್ಲಿ ಸಂಗೀತ ಮೇಷ್ಟರುಗಳ ಸಮ್ಮೇಳನ ಇತ್ತು. ಬೇರೆ ಬೇರೆ ರಾಜ್ಯಗಳಿಂದ ಇನ್ನೂರಕ್ಕೂ ಹೆಚ್ಚು ಹೈಸ್ಕೂಲು ಮಕ್ಕಳನ್ನು ಆರಿಸಿ ಮ್ಯಾಡಿ ಅಲ್ಲಿ ಒಂದೇ ಆರ್ಕೆಸ್ಟ್ರಾ ಕಟ್ಟಿದರು. ಮರುವರ್ಷ ಡಲ್ಲಾಸ್‌ನಲ್ಲಿ ಇನ್ನೊಮ್ಮೆ.

ಕೆಲವೇ ದಿನ ತಾಲೀಮು, ಕಾರ್ಯಕ್ರಮ, ಆಮೇಲೆ ರೈಲು ಹತ್ತಿ ಅವರವರ ಊರಿಗೆ. ಮಕ್ಕಳಿಗೆ ಇದು ಸಾಲಲಿಲ್ಲ. ಇನ್ನೂ ಸ್ವಲ್ಪ ದಿನ ಒಟ್ಟಿಗೆ ನುಡಿಸೋಣ ಎಂದು ದುಂಬಾಲು ಬಿದ್ದರು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದೇ ಇದು. ರಜಾದಲ್ಲಿ ಮಕ್ಕಳು ಮನೆಯಲ್ಲಿ ಗಲಾಟೆ ಮಾಡ್ತಾರೆ, ಎಲ್ಲಾದರೂ ಸೇರಿಸೋಣ ಅಂತ ದೊಡ್ಡವರು ಹುಡುಕಿದ ಉಪಾಯ ಅಲ್ಲ. ಮಕ್ಕಳೇ ಕೇಳಿ ಪಡೆದ ಬೇಸಿಗೆ.

ಮ್ಯಾಡಿ ಜೊತೆಗೆ ನಿಂತವರು ಟಿ. ಪಿ. ಗಿಡಿಂಗ್ಸ್, ಮಿನಿಯಾಪೊಲಿಸ್ ಶಾಲೆಗಳ ಸಂಗೀತದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು. ಜಾಗ ಸಿಕ್ಕಿದ್ದು ಪೆನ್ನಿಂಗ್ಟನ್ ಎಂಬ ಹೋಟೆಲ್ ಮಾಲೀಕರಿಂದ. ಶಿಬಿರ ಬಂದರೆ ತನ್ನ ಹೋಟೆಲಿಗೂ ಜನ ಬಂದಾರು ಎಂಬುದು ಅವರ ಲೆಕ್ಕ. 1928ರ ಜೂನ್‌ನಲ್ಲಿ 115 ಮಕ್ಕಳು ಬಂದಿಳಿದರು. ಸಂಗೀತ ಚೆನ್ನಾಗಿಯೇ ಆಯಿತು. ದುಡ್ಡಿನ ವಿಷಯ ಕೇಳಬೇಡಿ. ಮೊದಲ ಬೇಸಿಗೆಯೇ ಸಾಲ. ಮರುವರ್ಷ ಇಡೀ ಅಮೆರಿಕವೇ ಆರ್ಥಿಕವಾಗಿ ಕುಸಿಯಿತು.

ಆದರೂ ನಡೆಯಿತು. ಎಲ್ಲರಿಗೂ ಒಂದೇ ನೀಲಿ ಸಮವಸ್ತ್ರ. ಸಾಹುಕಾರರ ಮಗಳು ಯಾರು, ಸಾಲ ಮಾಡಿ ಬಂದವಳು ಯಾರು, ಗೊತ್ತಾಗುತ್ತಿರಲಿಲ್ಲ. ಕಾಲುಚೀಲದ ಬಣ್ಣ ನೋಡಿದರೆ ಯಾವ ವಯಸ್ಸಿನ ಗುಂಪು ಅಂತ ಮಾತ್ರ ತಿಳಿಯುತ್ತಿತ್ತು.

ಇನ್ನು ಅಲ್ಲಿನ ಕುರ್ಚಿ ಪಂದ್ಯ. ಆರ್ಕೆಸ್ಟ್ರಾದಲ್ಲಿ ಮೊದಲ ಕುರ್ಚಿಗೆ ಬಹಳ ಬೆಲೆ. ವಾರಕ್ಕೊಮ್ಮೆ ಹಿಂದೆ ಕೂತವರು ಮುಂದೆ ಕೂತವರಿಗೆ ಸವಾಲು ಹಾಕಬಹುದಿತ್ತು. ಇಬ್ಬರೂ ಒಂದೇ ತುಣುಕು ನುಡಿಸಬೇಕಿತ್ತು. ಉಳಿದ ಮಕ್ಕಳು ನೋಡದೆ, ಬರೀ ಕಿವಿಯಿಂದ ಕೇಳಿ ಕೈ ಎತ್ತಬೇಕಿತ್ತು. ಸೋತರೆ ಅಲ್ಲೇ ಎದ್ದು ವಾದ್ಯ ಹಿಡಿದು ಹಿಂದಿನ ಕುರ್ಚಿಗೆ. ಕ್ರೂರ ಅನ್ನಿಸುತ್ತದೆ. ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಪ್ರತಿ ವಾರ ಹೊಟ್ಟೆ ಕಿವುಚಿಕೊಂಡು ನುಡಿಸುವುದು ಹನ್ನೆರಡು ವರ್ಷದ ಮಗುವಿಗೆ ಬೇಕಾ? ಆದರೆ ನಾನು ಓದಿದ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಮುಂದೆ ಯಾರು ಕೂರಬೇಕು ಅನ್ನುವುದನ್ನು ಅವರ ಅಪ್ಪ ಯಾರು ಅಂತ ನೋಡಿ ತೀರ್ಮಾನಿಸುತ್ತಿದ್ದರು. ಕಂಬದ ಹಿಂದೆ ಕೂತು ಪಿಟೀಲು ನುಡಿಸಿದವನು ನಾನು. ಮುಖ ನೋಡದೆ ಬರೀ ನಾದ ಕೇಳಿ ಹಾಕುವ ಆ ಓಟಿಗೆ ಒಂದು ಬೆಲೆ ಇದೆ.

ದೊಡ್ಡ ದೊಡ್ಡವರು ಬಂದರು. ಬ್ಯಾಂಡ್ ಸಂಗೀತದ ಸೂಸಾ 1930ರಲ್ಲಿ ಬಂದು ಮಕ್ಕಳ ಬ್ಯಾಂಡ್ ನಡೆಸಿದರು. ಪಿಯಾನೋ ವಾದಕ, ಸಂಗೀತ ರಚನೆಕಾರ ಪರ್ಸಿ ಗ್ರೇಂಜರ್ ಹಲವು ಬೇಸಿಗೆ ಪಾಠ ಮಾಡಿದರು. ರೇಡಿಯೋದಲ್ಲಿ ಶಿಬಿರದ ಆರ್ಕೆಸ್ಟ್ರಾ ದೇಶಕ್ಕೆಲ್ಲ ಕೇಳಿಸಿತು. ಅದೇ ಜಗಳಕ್ಕೂ ಕಾರಣವಾಯಿತು. ಮಕ್ಕಳು ಪುಕ್ಕಟೆ ನುಡಿಸಿದರೆ ದುಡಿಯುವ ಕಲಾವಿದರ ಹೊಟ್ಟೆ ಮೇಲೆ ಹೊಡೆದಂತೆ ಎಂದು ವಾದ್ಯಗಾರರ ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೊ 1942ರಲ್ಲಿ ಆ ಪ್ರಸಾರ ನಿಲ್ಲಿಸಿಬಿಟ್ಟರು. ಮ್ಯಾಡಿಯನ್ನೂ ಆಮೇಲೆ ಸಂಘದಿಂದ ಹೊರಗೆ ಹಾಕಿದರು. ವಿಷಯ ಪಾರ್ಲಿಮೆಂಟಿನವರೆಗೆ ಹೋಗಿ 1946ರಲ್ಲಿ ಪೆಟ್ರಿಲ್ಲೊ ಕೈ ಕಟ್ಟುವ ಕಾನೂನೇ ಬಂತು. ಪೆಟ್ರಿಲ್ಲೊ ಹೇಳಿದ್ದರಲ್ಲಿ ಸ್ವಲ್ಪ ನಿಜ ಇತ್ತು, ಬಿಡಿ. ಪುಕ್ಕಟೆ ಕಛೇರಿ ಮಾಡಿಸಿಕೊಂಡು ಶಾಲು ಹೊದಿಸಿ ಕಳಿಸುವವರ ನಡುವೆ ಬದುಕುವ ನಮಗೆ ಅದು ಅರ್ಥವಾಗುತ್ತದೆ.

1962ರಲ್ಲಿ ವರ್ಷಪೂರ್ತಿ ನಡೆಯುವ ಶಾಲೆಯೂ ಅಲ್ಲೇ ಶುರುವಾಯಿತು. 1966ರಲ್ಲಿ ಮ್ಯಾಡಿ ತೀರಿಕೊಂಡರು.

ಒಂದು ರೂಢಿ ಮಾತ್ರ ಹೇಳಿ ಮುಗಿಸುತ್ತೇನೆ. ನಮ್ಮ ಕಛೇರಿಯಲ್ಲಿ ಮಂಗಳ ಶುರುವಾದ ಕೂಡಲೇ ಜನ ಎದ್ದು ಚಪ್ಪಲಿ ಹುಡುಕುತ್ತಾರೆ. ಅಲ್ಲಿಯೂ ಒಂದು ಮಂಗಳ ಇದೆ. ಹೊವರ್ಡ್ ಹ್ಯಾನ್ಸನ್ ಎಂಬ ಸಂಗೀತ ರಚನೆಕಾರರು 1930ರಲ್ಲಿ ಬರೆದ ಎರಡನೇ ಸಿಂಫನಿಯಿಂದ, ಅಂದರೆ ಆರ್ಕೆಸ್ಟ್ರಾಕ್ಕೆಂದೇ ಬರೆದ ದೊಡ್ಡ ಕೃತಿಯಿಂದ, ತೆಗೆದ ಒಂದು ಚಿಕ್ಕ ತುಣುಕು. ಕಾರ್ಯಕ್ರಮದ ಕೊನೆಗೆ ದೊಡ್ಡ ನಿರ್ದೇಶಕರು ಪಕ್ಕಕ್ಕೆ ಸರಿಯುತ್ತಾರೆ, ಮೊದಲ ಕುರ್ಚಿಯ ವಿದ್ಯಾರ್ಥಿ ಎದ್ದು ಬಂದು ಅದನ್ನು ನಡೆಸುತ್ತಾನೆ, ಇಲ್ಲವೇ ನಡೆಸುತ್ತಾಳೆ. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಸುಮ್ನೆ ಎದ್ದು, ಮರಗಳ ನಡುವೆ ನಡೆದು ಹೋಗುತ್ತಾರೆ.

ಆ ತುಣುಕನ್ನು ಫೋನಿನಲ್ಲಿ ತಂದಿದ್ದೇನೆ. ಫ್ಯಾನ್ ಒಂದು ನಿಮಿಷ ಆರಿಸಿ. ಮುಗಿದ ಮೇಲೆ ಚಪ್ಪಾಳೆ ಬೇಡ, ಹಾಗೇ ಊಟಕ್ಕೆ ಏಳೋಣ.