ಯಾರ ಕೈ, ಯಾರ ಪೆಟ್ಟು: ಎಲೆಕ್ಟ್ರಾನಿಕ್ ನೃತ್ಯಸಂಗೀತದಲ್ಲಿ ಪ್ರಭಾವ ಮತ್ತು ಸ್ವಂತಿಕೆ

ಹಿರಿಯರೇ, ಗೆಳೆಯರೇ,

ಈ ಉಪನ್ಯಾಸದ ವಿಷಯ ಹೇಳಿದಾಗ ಧಾರವಾಡದ ಹಿರಿಯ ಗಾಯಕರೊಬ್ಬರು ನನ್ನನ್ನು ನೇರವಾಗಿ ಕೇಳಿದರು: ‘ಮಷಿನ್ ತಾನ ಬಾರಸ್ತೈತಿ, ಮಂದಿ ಕುಣೀತಾರ. ಅದರಾಗ ಸ್ವಂತದ್ದು ಅಂತ ಏನ್ ಬಂತ್ರೀ?’ ಅವರು ಕೇಳುವಾಗ ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಿಡಿಯುತ್ತಿತ್ತು. ಅದನ್ನು ತೋರಿಸಿ ವಾದ ಗೆಲ್ಲಬೇಕು ಅಂತ ನನಗೆ ಅನಿಸಲಿಲ್ಲ. ಪ್ರಶ್ನೆ ದೊಡ್ಡದು. ಇವತ್ತಿನ ಮಾತೆಲ್ಲ ಅವರಿಗೆ ಕೊಡುವ ಉತ್ತರವೇ.

ಆ ಪೆಟ್ಟಿಗೆಯಿಂದಲೇ ಶುರು ಮಾಡೋಣ. ತಂಬೂರಿ ಹಿಡಿಯುವವರು ಸಿಗದಿದ್ದರೂ ರಿಯಾಜ್ ನಿಲ್ಲಬಾರದು ಎಂದು ಬಂದದ್ದು ಅದು. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಯಂತ್ರ ತಂದದ್ದೂ ಇಂಥದೇ ಉದ್ದೇಶಕ್ಕೆ: ಒಬ್ಬನೇ ಕೂತು ಗಿಟಾರ್ ನುಡಿಸುವವನಿಗೆ ಬೇಸ್, ಅಂದರೆ ಕೆಳಸ್ವರದ ಸಾಥ್ ಕೊಡಲು. ಅದರಲ್ಲಿ ಹದಿನಾರು ಮನೆ. ಒಂದೊಂದು ಮನೆಗೂ ಒಂದು ಸ್ವರ ಕೂಡಿಸಬೇಕು. ಬೇಕಾದರೆ ಆ ಸ್ವರಕ್ಕೆ ಒತ್ತು, ಬೇಕಾದರೆ ಮುಂದಿನ ಸ್ವರಕ್ಕೆ ಜಾರು, ಹೆಚ್ಚು ಕಡಿಮೆ ನಮ್ಮ ಮೀಂಡ್ ಇದ್ದ ಹಾಗೆ. ಆದರೆ ಬೇಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ. ವ್ಯಾಪಾರ ಆಗದೆ 1984ರಲ್ಲಿ ತಯಾರಿಕೆಯೇ ನಿಂತಿತು.

ಸೆಕೆಂಡ್ ಹ್ಯಾಂಡ್ ಆಗಿ ಅಂಥದೊಂದು ಯಂತ್ರ ಶಿಕಾಗೋದ ‘ಫ್ಯೂಚರ್’ ತಂಡದ ಹುಡುಗರ ಕೈಗೆ ಬಂತು. ಸ್ವರಗಳು ಓಡುತ್ತಿರುವಾಗಲೇ ಆ ತಂಡದ ಡಿಜೆ ಪಿಯರ್ ಅದರ ಗುಂಡಿಗಳನ್ನು ತಿರುಗಿಸುತ್ತ ಹೋದ. ದನಿಯನ್ನು ಸೋಸುವ ಫಿಲ್ಟರ್ ತೆರೆದು ಮುಚ್ಚಿದಂತೆ ಅದೇ ಸ್ವರ ಒಮ್ಮೆ ಗಂಟಲಿಂದ, ಒಮ್ಮೆ ಮೂಗಿನಿಂದ, ಒಮ್ಮೆ ಹಲ್ಲು ಕಚ್ಚಿ ಹಾಡಿದ ಹಾಗೆ ಕೇಳತೊಡಗಿತು. 1987ರಲ್ಲಿ ಅದು ‘ಆಸಿಡ್ ಟ್ರ್ಯಾಕ್ಸ್’ ಎಂದು ಹೊರಬಂತು. ಪಿಯರ್ ಹೇಳಿಕೊಂಡಿರುವ ಪ್ರಕಾರ, ರಾನ್ ಹಾರ್ಡಿ ಎಂಬ ಡಿಜೆ ಅದನ್ನು ಕ್ಲಬ್ಬಿನಲ್ಲಿ ಮೊದಲ ಸಲ ಹಾಕಿದಾಗ ಕುಣಿಯುವವರು ಜಾಗ ಖಾಲಿ ಮಾಡಿದರು. ಅದೇ ರಾತ್ರಿ ನಾಲ್ಕನೆಯ ಸಲ ಹಾಕಿದಾಗ ಹುಚ್ಚೆದ್ದು ಕುಣಿದರು. ಆ ಸದ್ದಿನ ನೃತ್ಯಸಂಗೀತಕ್ಕೇ ‘ಆಸಿಡ್ ಹೌಸ್’ ಎಂದು ಹೆಸರು.

ಇಲ್ಲಿ ಮುಂಬೈಗೆ ಬರಬೇಕು. ಹಿಂದಿ ಸಿನಿಮಾಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಚರಣಜೀತ್ ಸಿಂಗ್ 1982ರಲ್ಲಿ ಇದೇ 303, ರೋಲ್ಯಾಂಡಿನದೇ 808 ಡ್ರಮ್ ಯಂತ್ರ, ಒಂದು ಜ್ಯೂಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದರು. ಲಲಿತ್, ತೋಡಿ, ಯಮನ್, ಮಾಲಕಂಸ. ಆಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಆ ಆಲ್ಬಂ ಮತ್ತೆ ಬಿಡುಗಡೆಯಾದಾಗ ಜಗತ್ತು ಬೆಚ್ಚಿತು. ಇದು ಈಗಿನ ಯಾರೋ ಮಾಡಿದ ಕೀಟಲೆ ಎಂದು ಶಂಕಿಸಿದವರೂ ಇದ್ದರು. ‘ಆಸಿಡ್ ಹೌಸ್ ಹುಟ್ಟಿದ್ದು ಮುಂಬೈಯಲ್ಲಿ’ ಎಂದು ಹೆಮ್ಮೆಪಡುವವರು ನಮ್ಮಲ್ಲಿ ಬಹಳ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಶಿಕಾಗೋದ ಹುಡುಗರು ಚರಣಜೀತರನ್ನು ಕೇಳಿದ್ದರು ಎನ್ನಲು ಆಧಾರವಿಲ್ಲ. ಚರಣಜೀತರು ಯಂತ್ರವನ್ನು ಸಾಥಿಯಾಗಿಯೇ ಕೂಡಿಸಿಕೊಂಡು ಮೇಲೆ ರಾಗ ಬೆಳೆಸಿದರು. ಪಿಯರ್ ಸಾಥಿಯನ್ನೇ ಮುಂದೆ ತಂದು ಕೂಡಿಸಿದ. ಯಂತ್ರ ಒಂದೇ. ಒಬ್ಬರ ಕಿವಿಯಲ್ಲಿ ರಾಗ ಇತ್ತು, ಇನ್ನೊಬ್ಬರ ಕಿವಿಯಲ್ಲಿ ಕುಣಿತದ ಕ್ಲಬ್ಬು. ಮೊದಲು ಯಾರು ಎಂದು ಜಗಳಾಡುವವರಿಗೆ ಈ ವ್ಯತ್ಯಾಸ ಕೇಳಿಸುವುದೇ ಇಲ್ಲ, ಅದೇ ನನ್ನ ಸಂಕಟ.

ಯಂತ್ರದಿಂದ ಬಂದ ಪ್ರಭಾವ ನಮ್ಮ ನೆಲಕ್ಕೆ ಹೊಸದಲ್ಲ. ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದ್ದು ಗ್ರಾಮಫೋನ್ ಪ್ಲೇಟಿನಲ್ಲಿ. ಹಾಗೆ ಹಾಡಬೇಕೆಂಬ ಹಂಬಲಕ್ಕೆ ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟರು. ಉತ್ತರ ಹಿಂದೂಸ್ತಾನವೆಲ್ಲ ತಿರುಗಿ ಕೊನೆಗೆ ಗುರು ಸಿಕ್ಕಿದ್ದು ನಮ್ಮ ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರು. ಮುಂದೆ ಭೀಮಸೇನರ ಗಾಯನದಲ್ಲಿ ಗಾಯಕ ಅಮೀರ್ ಖಾನರೂ ಗಾಯಕಿ ಕೇಸರಬಾಯಿಯವರೂ ಸೇರಿಕೊಂಡರು. ಆದರೂ ಆ ದನಿಯನ್ನು ಇನ್ನೊಬ್ಬರದು ಎಂದು ಯಾರೂ ತಪ್ಪು ತಿಳಿಯುವುದಿಲ್ಲ. ಇಲ್ಲಿಯ ಗವಾಯಿಗಳು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಎಲ್ಲಿಂದ ತಂದೆ ಎಂಬುದನ್ನು ಮುಚ್ಚಿಟ್ಟವನಿಗೆ, ತಂದದ್ದನ್ನು ಎಷ್ಟು ದೂರ ಒಯ್ದೆ ಎಂಬುದೂ ಕಾಣುವುದಿಲ್ಲ.

ಹಾಗೆ ಕಿವಿ ಮುಟ್ಟಿಕೊಳ್ಳುವ ರೂಢಿ ಇಲ್ಲದ ಕಡೆ ಏನಾಯಿತು ನೋಡ್ರಿ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ ‘ಆಮೆನ್, ಬ್ರದರ್’ ಎಂಬ ವಾದ್ಯಗೀತದ ನಡುವೆ ಗ್ರೆಗರಿ ಕೋಲ್ಮನ್ ಸುಮಾರು 7 ಸೆಕೆಂಡು ಒಬ್ಬರೇ ಡ್ರಮ್ ಬಾರಿಸಿದರು. ನಾಲ್ಕು ಆವರ್ತ. ಮೊದಲೆರಡು ನೇರ. ಮೂರನೆಯದರಲ್ಲಿ ಒಂದು ಪೆಟ್ಟು ತುಸು ತಡವಾಗಿ ಬೀಳುತ್ತದೆ. ನಾಲ್ಕನೆಯದರಲ್ಲಿ ಸಮ್, ಅಂದರೆ ಆವರ್ತದ ಮೊದಲ ಪೆಟ್ಟೇ ಖಾಲಿ! ತಬಲಾ ಬಲ್ಲವರಿಗೆ ಆ ಖಾಲಿಯ ಧೈರ್ಯ ತಿಳಿಯುತ್ತದೆ. ಇಪ್ಪತ್ತು ವರ್ಷದ ಮೇಲೆ ಇಂಗ್ಲೆಂಡಿನ ಹುಡುಗರು ಆ ತುಣುಕನ್ನು ಸ್ಯಾಂಪ್ಲರ್ ಎಂಬ, ಸದ್ದು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರಕ್ಕೆ ತುಂಬಿ, ಪೆಟ್ಟು ಪೆಟ್ಟಾಗಿ ಕತ್ತರಿಸಿ, ವೇಗ ಏರಿಸಿ, ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದರು. ಜಂಗಲ್ ಎಂಬ ವೇಗದ ನೃತ್ಯಸಂಗೀತ ಬೆಳೆದದ್ದು ಹಾಗೆ. ಅವರ ಕೆಲಸ ಸ್ವಂತದ್ದೇ, ನಾನು ಅದನ್ನು ಬಹಳ ಪ್ರೀತಿಯಿಂದ ಕೇಳುತ್ತೇನೆ. ಆದರೆ ಕೋಲ್ಮನ್ನರಿಗೆ ಒಂದು ಕಾಸೂ ಬರಲಿಲ್ಲ. ಅವರು 2006ರಲ್ಲಿ ಬಡತನದಲ್ಲೇ ತೀರಿಕೊಂಡರು. 2015ರಲ್ಲಿ ಕೇಳುಗರು ದೇಣಿಗೆ ಕೂಡಿಸಿ ಸುಮಾರು 24,000 ಪೌಂಡು ಕೊಟ್ಟದ್ದು ತಂಡದ ನಾಯಕ ರಿಚರ್ಡ್ ಸ್ಪೆನ್ಸರರಿಗೆ.

‘ಮಷಿನ್ ತಾನ ಬಾರಸ್ತೈತಿ’ ಎಂಬ ಮಾತಿಗೂ ಒಂದು ಉತ್ತರ ಇದೆ. 1994ರಲ್ಲಿ ಬ್ರಿಟನ್ನಿನ ಸರಕಾರ ಬಯಲಿನ ಕುಣಿತಗಳನ್ನು ತಡೆಯಲು ತಂದ ಮಸೂದೆಯಲ್ಲಿ ‘ಮರುಕಳಿಸುವ ಬೀಟು’ಗಳ ಸಂಗೀತ ಎಂಬ ವಿವರಣೆಯಿತ್ತು. ಆಟೆಕರ್ ಎಂಬ ಜೋಡಿ ಅದಕ್ಕೆ ಪ್ರತಿಯಾಗಿ ಎರಡು ಆವರ್ತ ಒಂದೇ ಥರ ಇರದ ಒಂದು ಕೃತಿ ಕಟ್ಟಿತು. ಠೇಕಾ, ಅಂದರೆ ತಾಳದ ಮೂಲ ಬೋಲು ಒಂದೇ ಆದರೂ ಪ್ರತಿ ಆವರ್ತ ಬೇರೆ ತುಂಬುವ ತಬಲಾ ಕೇಳಿ ಬೆಳೆದ ನಮ್ಮ ಊರವರಿಗೆ ಅದು ಪರಕೀಯ ಅನಿಸಬೇಕಿಲ್ಲ.

ಈಗ ನಮ್ಮ ಓಣಿಗೆ ಬರೋಣ. ಹುಬ್ಬಳ್ಳಿಯ ಗಣಪತಿ ಮೆರವಣಿಗೆಯಲ್ಲಿ, ಟ್ರ್ಯಾಕ್ಟರಿಗೆ ಕಟ್ಟಿದ ಬಾಕ್ಸುಗಳಲ್ಲಿ ಜಾನಪದ ಡಿಜೆ ಹಾಡು ಕೇಳಿದ್ದೀರಿ. ಆ ಹುಡುಗರನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಹಾಡಿನಿಂದ ಹಾಡಿಗೆ ಅದೇ ಹಲಗಿ ಲೂಪು, ಸುತ್ತಿ ಸುತ್ತಿ ಬರುವ ಅದೇ ತುಣುಕು, ಓಡಾಡುತ್ತಿರುತ್ತದೆ, ಯಾರ ಕೈ ಎಂದು ಕೇಳುವವರಿಲ್ಲ.

ಹಾವೇರಿ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಟ್ರ್ಯಾಕ್ ತಂದು ಕೇಳಿಸಿದ. ಹಲಗಿಯ ಒಂದೇ ಪೆಟ್ಟನ್ನು ಹಿಗ್ಗಿಸಿ ಹಿಗ್ಗಿಸಿ, ಚರ್ಮದ ಗುಂಯ್‌ಗುಡುವ ಸದ್ದನ್ನು ತಂಬೂರಿಯಂತೆ ಕೆಳಗೆ ಹಾಸಿದ್ದ. ಮೈ ಜುಂ ಅಂದಿತು. ‘ಇದು ಯಾರ ಕೈ?’ ಅಂದೆ. ‘ಜಾತ್ರ್ಯಾಗ ಮೊಬೈಲಿನಾಗ ತುಂಬ್ಕೊಂಡಿದ್ದು ಸರ್, ಹೆಸರು ಕೇಳ್ಳಿಲ್ಲ’ ಅಂದ. ಆ ಮೇಲೆ ತಾನಾಗಿಯೇ ಊರಿಗೆ ಹೋಗಿ, ಹಲಗಿ ಬಾರಿಸಿದ ಹಿರಿಯರನ್ನು ಹುಡುಕಿ, ಇಯರ್‌ಫೋನ್ ಹಾಕಿ ಕೇಳಿಸಿದ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರಂತೆ. ‘ಪೆಟ್ಟು ನಂದ ಐತಿ ತಮ್ಮಾ. ಆದರ ಆವತ್ತ ಹಲಗಿ ಸರಿ ಕಾಸಿರಲಿಲ್ಲ. ಬೆಂಕಿ ಹಚ್ಚು, ಕಾಸಿ ಬಾರಸ್ತೀನಿ, ಮತ್ತೊಮ್ಮೆ ತುಂಬ್ಕೋ’ ಅಂದರು.

ಹುಡುಗ ಎರಡನ್ನೂ ಇಟ್ಟುಕೊಂಡಿದ್ದಾನೆ. ಕಾಸದ ಹಲಗಿ ಕೆಳಗೆ ಗುಂಯ್‌ಗುಡುತ್ತದೆ, ಕಾಸಿದ ಹಲಗಿ ಮೇಲೆ ನಡೆಯುತ್ತದೆ. ಅದನ್ನೇ ಈಗ ಕೇಳಿಸುತ್ತೇವೆ. ಬಾರಿಸಿದ ಹಿರಿಯರು ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಶುರು ಮಾಡುವ ಮೊದಲು ಅವರ ಹೆಸರನ್ನು ಹುಡುಗನೇ ಮೈಕಿನಲ್ಲಿ ಹೇಳಲಿ.