ಬೇಸ್‌ಬಾಲ್ ಪದಬಂಧಕ್ಕೆ ಬೇಸ್‌ಬಾಲ್ ಯಾಕ್ರೀ ಬೇಕು?

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ನಾನು ಚೆನ್ನಾಗಿಲ್ಲ. ಸಿಟ್ಟು ಬಂದಿದೆ. ಒಂದು ಗುಟುಕು ಕಾಫಿ ಕುಡಿದು ಶುರು ಮಾಡುತ್ತೇನೆ.

ಹಾಂ. ವಿಷಯ ಏನಪ್ಪಾ ಅಂದರೆ, ಹೋದ ವಾರದ ವಿಡಿಯೋದಲ್ಲಿ ಮಾತಿನ ಮಧ್ಯೆ ಒಂದು ಮಾತು ಹೇಳಿದ್ದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಭಾನುವಾರ ನಮಗೆ ಬರುವ ಪೇಪರಿನಲ್ಲಿ ಬೇಸ್‌ಬಾಲ್ ಪದಬಂಧ ಇತ್ತು, ನಾನೊಬ್ಬಳೇ ಕೂತು ಬಿಡಿಸಿದೆ ಅಂತ. ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಅಕ್ಕಾ, ಒಂದು ಮ್ಯಾಚೂ ನೋಡಿಲ್ಲ ಅಂತೀರಿ, ಪದಬಂಧ ಬಿಡಿಸಿದೆ ಅಂತಲೂ ಅಂತೀರಿ. ಗೂಗಲ್ ಅಣ್ಣನಿಗೆ ಥ್ಯಾಂಕ್ಸ್ ಹೇಳಿದ್ರಾ?" ಪಕ್ಕದಲ್ಲಿ ನಗುವ ಮುಖ ಮೂರು. ಆ ಕಾಮೆಂಟಿಗೆ 41 ಲೈಕು! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ ಮಾರಾಯ್ರೆ.

ಸರಿ, ಕೇಳಿಸಿಕೊಳ್ಳಿ. ಬೇಸ್‌ಬಾಲ್ ಪದಬಂಧ ಬಿಡಿಸಲು ಬೇಸ್‌ಬಾಲ್ ಗೊತ್ತಿರಬೇಕಾಗಿಲ್ಲ. ಅಕ್ಷರ ಗೊತ್ತಿದ್ದರೆ ಸಾಕು.

ಅಮೆರಿಕದ ಪದಬಂಧ ನಮ್ಮ ಕನ್ನಡ ಪೇಪರಿನ ಪದಬಂಧದ ಹಾಗಲ್ಲ. ನಮ್ಮಲ್ಲಿ ಒಂದು ಪದ ಇನ್ನೊಂದನ್ನು ಅಲ್ಲೊಂದು ಕಡೆ, ಇಲ್ಲೊಂದು ಕಡೆ ಮುಟ್ಟುತ್ತದೆ, ಅಷ್ಟೇ. ಮಿಕ್ಕ ಮನೆಗಳಿಗೆ ನಿಮ್ಮ ತಲೆಯೇ ಗತಿ. ನಮ್ಮ ಅಪ್ಪ ಪೆನ್ಸಿಲ್ ಹಿಡಿದು ಕೂತು, "ಇದು ಕಿ ಗುಡಿಸೋ, ಕೀ ದೀರ್ಘವೋ" ಅಂತ ಅರ್ಧ ಗಂಟೆ ಒದ್ದಾಡುತ್ತಿದ್ದರು. ಇಲ್ಲಿ ಹಾಗಿಲ್ಲ. ಪ್ರತಿಯೊಂದು ಮನೆಯೂ ಎರಡು ಪದಕ್ಕೆ ಸೇರಿದ್ದು. ಎಡದಿಂದ ಬಲಕ್ಕೆ ಒಂದು, ಮೇಲಿಂದ ಕೆಳಕ್ಕೆ ಒಂದು. ಅಂದರೆ ಅಡ್ಡ ಪದ ಗೊತ್ತಿಲ್ಲದಿದ್ದರೂ ಉದ್ದದ ಪದಗಳು ಸೇರಿ ಅದನ್ನು ತುಂಬಿಸಿಬಿಡುತ್ತವೆ.

ಉದಾಹರಣೆ ಬೇಕಾ? ಸುಳಿವು ಹೀಗಿತ್ತು: ಜೈಂಟ್ಸ್ ತಂಡದ ಹಳೆಯ ಹೀರೋ, 3 ಅಕ್ಷರ. ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗೂ ಇಲ್ಲ! ಮೊದಲನೇ ಮನೆಯಿಂದ ಕೆಳಗಿಳಿಯುವ ಪದ ಓವನ್. ಎರಡನೆಯದು ಟೀ, ಕುಡಿಯುವ ಟೀ. ಮೂರನೆಯದು ಟೋ, ಕಾಲಿನ ಬೆರಳು. ಮೂರರ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿ. ಓ, ಟಿ, ಟಿ.

ಓಟಿಟಿ! ಇದೇನಪ್ಪಾ, ಜೈಂಟ್ಸ್ ಹೀರೋ ಥಿಯೇಟರ್ ಬಿಟ್ಟು ನೇರ ಓಟಿಟಿಗೆ ಬಂದನಾ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದನ್ನು ಆಟ್ ಅಂತ ಓದಬೇಕು, ಮೆಲ್ ಆಟ್. ಹೆಸರಲ್ಲೇ ಆಟ ಇದೆ ನೋಡಿ. 1926ರಿಂದ 1947ರವರೆಗೆ ನ್ಯೂಯಾರ್ಕ್ ಜೈಂಟ್ಸ್‌ಗೆ ಆಡಿದವನು, 511 ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ, ಹೊಡೆದವನು. ದೊಡ್ಡ ಆಟಗಾರನೇ, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತಿಗೂ ಅವನು ಪದಬಂಧದಲ್ಲಿ ಮತ್ತೆ ಮತ್ತೆ ಬರುವುದು ಆ 511ಕ್ಕಲ್ಲ. ಅವನಿಗಿಂತ ಜಾಸ್ತಿ, 714, ಬೇಬ್ ರೂತ್ ಅನ್ನುವ ಆಟಗಾರ ಹೊಡೆದಿಲ್ಲವಾ? ಪದಬಂಧ ಕಟ್ಟುವವನಿಗೆ ಇಕ್ಕಟ್ಟಿನ ಮೂಲೆಯಲ್ಲಿ ಕೂರಿಸಲು ಮೂರಕ್ಷರದ ಒಬ್ಬ ಬೇಕು. ಸಿಕ್ಕಿದ. ಕಟ್ಟುವವನೇ ಆಟ ನೋಡಿ ಆರಿಸಿಲ್ಲ, ಅಕ್ಷರ ನೋಡಿ ಆರಿಸಿದ್ದಾನೆ. ನಾನು ಮಾತ್ರ ಆಟ ಕಲಿತು ಬರಬೇಕಾ?

ಇನ್ನೊಂದು. ಅಲೂ ಅಣ್ಣತಮ್ಮಂದಿರು ಅಂತ ಮೂವರಿದ್ದರು. ಫೆಲಿಪೆ, ಮ್ಯಾಟಿ, ಹೆಸೂಸ್. ಡೊಮಿನಿಕನ್ ರಿಪಬ್ಲಿಕ್‌ನವರು. 1963ರ ಸೆಪ್ಟೆಂಬರ್‌ನಲ್ಲಿ ಮೂವರೂ ಒಂದೇ ತಂಡದ ಔಟ್‌ಫೀಲ್ಡ್‌ನಲ್ಲಿ ಒಟ್ಟಿಗೆ ನಿಂತಿದ್ದರು. ಎಂಥ ಚಂದದ ಕತೆ ಅಲ್ವಾ? ಪದಬಂಧದವನಿಗೆ ಕತೆ ಕಟ್ಟಿಕೊಂಡು ಏನಾಗಬೇಕು? ಅಲೂ ಅಂತ ಇಂಗ್ಲಿಷ್‌ನಲ್ಲಿ ಬರೆದರೆ ನಾಲ್ಕಕ್ಷರ, ಅದರಲ್ಲಿ ಎ, ಓ, ಯು ಮೂರು ಸ್ವರ. ಅವನಿಗೆ ಅದೇ ಬಂಗಾರ. ನಾನು ಈ ಮೂವರನ್ನೂ ನೆನಪಿಟ್ಟುಕೊಂಡಿದ್ದು ಆಲೂ ಪಲ್ಯದಿಂದ.

ಬ್ಯಾಟ್ ಮಾಡುವವನ ಲೆಕ್ಕ, 3 ಅಕ್ಷರ ಅಂತ ಸುಳಿವು ಇತ್ತು. ಅಡ್ಡದಿಡ್ಡ ತುಂಬಿದ ಮೇಲೆ ಬಂದಿದ್ದು ಆರ್‌ಬಿಐ. ರಿಸರ್ವ್ ಬ್ಯಾಂಕಿಗೂ ಇವರಿಗೂ ಏನ್ರೀ ಸಂಬಂಧ ಅಂತ ನಗು ಬಂತು. ಅವನ ಬ್ಯಾಟಿಂಗ್‌ನಿಂದ ತಂಡಕ್ಕೆ ಎಷ್ಟು ರನ್ ಬಂತು ಅನ್ನುವ ಲೆಕ್ಕವಂತೆ ಅದು. ಗೊತ್ತಾಗಿದ್ದು ಬಿಡಿಸಿದ ಮೇಲೆ. ಮೊದಲಲ್ಲ. ಮೇಲೆ!

ಮಧ್ಯದಲ್ಲೊಂದು ಮಾತು. ಚಾನೆಲ್ ಸಬ್‌ಸ್ಕ್ರೈಬ್ ಮಾಡದೆ ನೋಡುತ್ತಿರುವವರು ಬೇಗ ಮಾಡಿಬಿಡಿ. ದುಡ್ಡೇನೂ ಕೇಳುತ್ತಿಲ್ಲ.

ಈಗ ನಮ್ಮನೆಯವರ ಕತೆ ಹೇಳಲೇಬೇಕು. ಇವರು ಯಾಂಕೀಸ್ ಬೇಸ್‌ಬಾಲ್ ತಂಡದ ಭಕ್ತರು. ಟೋಪಿ ಇದೆ, ಟೀ ಶರ್ಟ್ ಇದೆ, ರಾತ್ರಿ ಹನ್ನೊಂದರವರೆಗೆ ಟಿವಿ ಮುಂದೆ ತಪಸ್ಸಿದೆ. ಆವತ್ತು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. ಸುಳಿವು: ಪಿಚರ್, 4 ಅಕ್ಷರ. "ಕೊಡಿಲ್ಲಿ, ಇದು ನನ್ನ ಸಬ್ಜೆಕ್ಟು" ಅಂತ ಪೆನ್ನಲ್ಲೇ, ಗಮನಿಸಿ, ಪೆನ್ನಲ್ಲಿ, ರಯಾನ್ ಅಂತ ಬರೆದರು. ನೋಲನ್ ರಯಾನ್, ಚೆಂಡು ಎಸೆಯುವವನು, ಅವನಿಗೆ ಬೇಸ್‌ಬಾಲಿನಲ್ಲಿ ಪಿಚರ್ ಅನ್ನುತ್ತಾರೆ. 5,714 ಸ್ಟ್ರೈಕ್‌ಔಟ್, ಅಂದರೆ ಚೆಂಡೆಸೆದೇ ಔಟ್ ಮಾಡಿದ್ದು, ಅದು ಇವತ್ತಿಗೂ ದಾಖಲೆ ಅಂತ ಭಾಷಣ ಬೇರೆ. ಆ ಮೂಲೆ ಪೂರ್ತಿ ಕೆಟ್ಟಿತು. ಯಾವ ಪದವೂ ಕೂರಲ್ಲ. ಕೊನೆಗೆ ಉತ್ತರ ಏನು ಗೊತ್ತಾ? ಯೂಅರ್. ಹೂಜಿ! ನೀರು ಬಗ್ಗಿಸುವ ಹೂಜಿಗೂ ಇಂಗ್ಲಿಷ್‌ನಲ್ಲಿ ಪಿಚರ್ ಅಂತಲೇ ಹೆಸರು. ನಾನು ದಿನಾ ಅಡುಗೆಮನೆಯಲ್ಲಿ ಎತ್ತಿಡುವ ಸಾಮಾನು ಅದು.

ಬೇಸ್‌ಬಾಲ್ ಗೊತ್ತಿದ್ದವರು ಹಾಳು ಮಾಡಿದರು, ಗೊತ್ತಿಲ್ಲದವಳು ಸರಿ ಮಾಡಿದಳು. ಹಾಗಾಗಿ ನನ್ನ ಮಾತನ್ನು ಸ್ವಲ್ಪ ತಿದ್ದುತ್ತೇನೆ. ಬೇಸ್‌ಬಾಲ್ ಗೊತ್ತಿರಬೇಕಾಗಿಲ್ಲ ಅಂದೆನಲ್ಲ, ಅಲ್ಲ. ಗೊತ್ತಿರಲೇಬಾರದು!

ಮತ್ತೆ ಪದಬಂಧದ ವಿಷಯಕ್ಕೆ ಹೊಂದುವ ಆ ದೊಡ್ಡ ದೊಡ್ಡ ಉತ್ತರಗಳು, ಥೀಮ್ ಅನ್ನುತ್ತಾರಲ್ಲ, ಅವು ಏನಿದ್ದವು? ಟಚ್ ಬೇಸ್. ಬಾಲ್‌ಪಾರ್ಕ್ ಫಿಗರ್. ರೇನ್ ಚೆಕ್. ಕರ್ವ್‌ಬಾಲ್. ಇವನ್ನು ಕಲಿಯಲು ಸ್ಟೇಡಿಯಂಗೆ ಹೋಗಬೇಕಾ? ಬೆಂಗಳೂರಿನ ಯಾವುದಾದರೂ ಐಟಿ ಕಂಪನಿಯಲ್ಲಿ ಆರು ತಿಂಗಳು ಇದ್ದರೆ ಸಾಕು. "ನಾಳೆ ಟಚ್ ಬೇಸ್ ಮಾಡೋಣ", ಅಂದರೆ ನಾಳೆ ಮಾತಾಡೋಣ. "ಒಂದು ಬಾಲ್‌ಪಾರ್ಕ್ ಫಿಗರ್ ಕೊಡಿ", ಅಂದರೆ ಅಂದಾಜು ಲೆಕ್ಕ ಕೊಡಿ. ದಿನಾ ಮೀಟಿಂಗ್‌ನಲ್ಲಿ ಬೇಸ್‌ಬಾಲ್ ಆಡಿಸುತ್ತಾರೆ, ಆಡುತ್ತಿದ್ದೇವೆ ಅಂತ ನಮಗೇ ಗೊತ್ತಿರಲ್ಲ.

ಒಬ್ಬ ಜಾಣರು ಬರೆದಿದ್ದಾರೆ, "ಆಟ ಗೊತ್ತಿದ್ದರೆ ಬಿಡಿಸುವ ಖುಷಿ ಜಾಸ್ತಿ ಮೇಡಂ" ಅಂತ. ಇರಬಹುದು ಸ್ವಾಮಿ. ನಮ್ಮನೆಯವರ ಖುಷಿ ನೋಡಿದೆನಲ್ಲ, ಪೆನ್ನಲ್ಲಿ.

ಇನ್ನೊಬ್ಬರು ಸ್ವಲ್ಪ ಓದಿಕೊಂಡವರು ಅನ್ನಿಸುತ್ತೆ. "ನೇಟಿಕ್" ಅಂತ ಒಂದೇ ಪದ ಹಾಕಿ ಹೋಗಿದ್ದಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೇಟಿಕ್ ಅನ್ನುವುದು ಇಲ್ಲಿಯ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಊರು, ಬಾಸ್ಟನ್ ಮ್ಯಾರಥಾನ್ ಓಡುವ ದಾರಿಯಲ್ಲಿದೆ. 2008ರ ಒಂದು ಪದಬಂಧದಲ್ಲಿ ಆ ಊರಿನ ಹೆಸರೂ ಒಬ್ಬ ಚಿತ್ರಕಾರನ ಹೆಸರೂ ಒಂದೇ ಮನೆಯಲ್ಲಿ ಡಿಕ್ಕಿ ಹೊಡೆದವು. ಎರಡೂ ಹೆಸರೇ. ಎರಡೂ ಗೊತ್ತಿಲ್ಲದಿದ್ದರೆ ಆ ಮನೆಗೆ ಯಾವ ಅಕ್ಷರ ಅಂತ ಬ್ರಹ್ಮನೂ ಹೇಳಲಾರ. ಅಂಥ ಮನೆಗೆ ಆಮೇಲೆ ನೇಟಿಕ್ ಅಂತಲೇ ಹೆಸರಾಯಿತು. ಹಾಗಾದರೆ ನಿಮ್ಮ ಅಕ್ಷರದ ವಾದ ಬಿತ್ತಲ್ಲ ಅಂತ ಅವರ ಅಭಿಪ್ರಾಯ.

ಬೀಳಲಿಲ್ಲ. ಯಾಕೆ ಬೀಳಲಿಲ್ಲ ಅಂದರೆ... ಅದು ಕಟ್ಟಿದವನ ತಪ್ಪು. ಆಯಿತಾ? ಮುಂದಕ್ಕೆ ಹೋಗೋಣ.

ಪದಬಂಧ ಹುಟ್ಟಿದ್ದು ಹೇಗೆ ಅಂತ ಗೊತ್ತಾ? 1913ರ ಡಿಸೆಂಬರ್ 21, ನ್ಯೂಯಾರ್ಕ್ ವರ್ಲ್ಡ್ ಅನ್ನುವ ಪತ್ರಿಕೆ. ಕಟ್ಟಿದವನು ಆರ್ಥರ್ ವಿನ್. ಅದರ ಆಕಾರ ಡೈಮಂಡ್! ಬೇಸ್‌ಬಾಲ್ ಮೈದಾನಕ್ಕೂ ಡೈಮಂಡ್ ಅಂತಲೇ ಅನ್ನುತ್ತಾರೆ. ಆದರೆ ವಿನ್ ಎಲ್ಲಿಯವನು? ಇಂಗ್ಲೆಂಡಿನ ಲಿವರ್‌ಪೂಲ್‌ನವನು. ಬೇಸ್‌ಬಾಲಿನ ಸ್ಕೋರ್ ಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಕೂಡ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಕ್ರಿಕೆಟ್‌ನವನು ಬೇಸ್‌ಬಾಲ್ ಲೆಕ್ಕ ಬರೆಯಬಹುದು, ಕ್ರಿಕೆಟ್ ನೋಡಿ ಬೆಳೆದ ನಾನು ಬೇಸ್‌ಬಾಲ್ ಪದಬಂಧ ಬಿಡಿಸಬಾರದಾ? ಇದಕ್ಕೂ ಮೊದಲಿನ ಮಾತಿಗೂ ಏನು ಸಂಬಂಧ ಅಂತ ಕೇಳಬೇಡಿ. ಸಿಟ್ಟಿನಲ್ಲಿದ್ದೇನೆ.

ಗೂಗಲ್ ಮಾಡಿಲ್ಲ. ಮಾಡಿಲ್ಲ ಅಂದರೆ ಮಾಡಿಲ್ಲ. ದೇವರಾಣೆ. ಬೇಸ್‌ಬಾಲ್ ಗೊತ್ತಿರಬೇಕಾಗಿಲ್ಲ, ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವುದೂ ಇಲ್ಲ!

ಇಲ್ಲಿ "ಮುಂದಿನ ಪಾಯಿಂಟ್" ಅಂತ ಬರೆದುಕೊಂಡಿದ್ದೇನೆ. ಕೆಳಗೆ ಏನೂ ಇಲ್ಲ. ಪಾತ್ರೆ ತೊಳೆಯಲು ಎದ್ದಿದ್ದೆ ಅನ್ನಿಸುತ್ತೆ.

ಸರಿ, ಹೊರಡುವ ಮುಂಚೆ ಒಂದು ಸಣ್ಣ ಸಹಾಯ. ಬಲಗಡೆ ಕೆಳಗಿನ ಮೂಲೆಯಲ್ಲಿ ಒಂದೇ ಒಂದು ಮನೆ ಖಾಲಿ ಉಳಿದಿದೆ. ಅಡ್ಡಕ್ಕೆ ಯಾವನೋ ಶಾರ್ಟ್‌ಸ್ಟಾಪ್, ಉದ್ದಕ್ಕೆ ಯಾವನೋ ಕ್ಯಾಚರ್. ಇಬ್ಬರೂ ಆಟಗಾರರು, ಎರಡೂ ಹೆಸರು. ಬೇಸ್‌ಬಾಲ್ ನೋಡುವವರು ಯಾರಾದರೂ ಇದ್ದರೆ ನನಗೊಂದು ಇಮೇಲ್ ಹಾಕಿ, ಸುಳಿವು ಕಳಿಸುತ್ತೇನೆ. ಕಾಮೆಂಟ್‌ನಲ್ಲಿ ಬೇಡ. ನಮ್ಮನೆಯವರಂತೂ ಪಕ್ಕದ ರೂಮಿನಲ್ಲೇ ಇದ್ದಾರೆ, ಆದರೆ ಅವರನ್ನು ಕೇಳುವ ಮಾತೇ ಇಲ್ಲ.